ಮೆಣಸಿನಕಾಯಿ ಉರಿ, ಕಂಬದ ನೆರಳು ಮತ್ತು ಮುಗಿದ ಸಿಲಬಸ್

ಮಕ್ಕಳು ಕೇಳಿದ್ದರ ಹಿಂದೆ ಹೋದರೆ ಸಿಲಬಸ್ ಮುಗಿಯಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ಈ ವರ್ಷ ಆರು ಮತ್ತು ಏಳನೇ ತರಗತಿಯ ವಿಜ್ಞಾನ ಎರಡೂ ಫೆಬ್ರುವರಿ ಮೊದಲ ವಾರದ ಹೊತ್ತಿಗೇ ಮುಗಿದವು. ರಿವಿಜನ್‌ಗೆ ಹೆಚ್ಚುಕಡಿಮೆ ಒಂದು ತಿಂಗಳು ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜೂನ್‌ನಲ್ಲೇ ವರ್ಷದ ಎಲ್ಲ ಪಾಠಗಳನ್ನೂ ಖಾನೆ ಖಾನೆ ಮಾಡಿ ಹಿಂದಿನ ಗೋಡೆಗೆ ಹಾಕುತ್ತೇನೆ. ತರಗತಿಯಲ್ಲಿ ಏನಾದರೂ ತಾನಾಗಿ ನಡೆದರೆ ಅಂದಿನ ಪಾಠ ನಿಲ್ಲಿಸಿ ಹತ್ತು ನಿಮಿಷ ಅದಕ್ಕೆ ಕೊಡುತ್ತೇನೆ. ಉತ್ತರ ಮಾತ್ರ ಅವತ್ತು ಹೇಳುವುದಿಲ್ಲ. ಮರುದಿನ ಪ್ರಯೋಗ, ಆಮೇಲೆ ಅದು ಯಾವ ಖಾನೆಗೆ ಸೇರುತ್ತದೋ ಅಲ್ಲಿಗೆ ಟಿಕ್. ಕ್ರಮ ತಪ್ಪುತ್ತದೆ, ಪಾಠ ತಪ್ಪುವುದಿಲ್ಲ.

ಈ ವರ್ಷ 'ವಸ್ತುಗಳ ಗುಣ' ಅನ್ನೋ ಖಾನೆ ಜನವರಿವರೆಗೂ ಖಾಲಿ ಇತ್ತು. ಮುಖ್ಯ ಗುರುಗಳಿಗೆ ಗಾಬರಿ. ಎಸ್‌ಎ-1 ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ನಾನೇ ತೆಗೆಯುವುದರಿಂದ ಅಲ್ಲಿ ತೊಂದರೆಯಾಗಲಿಲ್ಲ. ಆಮೇಲೆ ಮೆಣಸಿನಕಾಯಿ ಸೀಸನ್ ಬಂತು. ಅಮ್ಮಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ, ಭಾನುವಾರ ಮಕ್ಕಳೂ ಕೈಹಾಕುತ್ತಾರೆ. ಸೋಮವಾರ ಆರನೇ ತರಗತಿಯ ಹುಡುಗಿಯೊಬ್ಬಳು ಅಂಗೈಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ ಕೂತಿದ್ದಳು. "ಎಷ್ಟ್ ತೊಳದ್ರೂ ಉರಿ ಹೋಗವಲ್ದ್ರಿ ಸರ್" ಅಂದಳು. ನಾನು ಅವತ್ತು ಕಾಂತಗಳ ಪಾಠದಲ್ಲಿದ್ದೆ. ಬಿಟ್ಟೆ. ಬಿಸಿಯೂಟದ ಕೋಣೆಯಿಂದ ಒಂದು ಚಮಚ ಎಣ್ಣೆ ತರಿಸಿ, ಒಂದು ಕೈಗೆ ಹಚ್ಚಿಸಿ, ಬಟ್ಟೆಯಿಂದ ಒರೆಸಿ, ಸೋಪು ಹಾಕಿ ತೊಳೆಸಿದೆ. ಇನ್ನೊಂದಕ್ಕೆ ಬರೀ ನೀರು. ಸ್ವಲ್ಪ ಹೊತ್ತಿಗೆ ಎಣ್ಣೆ ಕೈ ಎತ್ತಿ "ಇದು ಕಡಿಮಿ ಆತ್ರಿ" ಅಂದಳು. ಕೂಡಲೇ ಇನ್ನೊಂದಕ್ಕೂ ಎಣ್ಣೆ ಹಚ್ಚಿಸಿದೆ. ಇಡೀ ಕ್ಲಾಸು ಯಾಕೆ ಯಾಕೆ ಅಂತ ಗಲಾಟೆ. ನಾಳೆ ಅಂದೆ.

ಮರುದಿನ ಎರಡು ಗಾಜಿನ ಲೋಟ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇಂಗಾ ಎಣ್ಣೆ. ಮೊದಲು ಕಾಯಿ ಮುರಿದು ಹಾಕಿದೆವು, ಅರ್ಧ ಗಂಟೆ ಕಾದರೂ ಏನೂ ಇಲ್ಲ. ಕುಟ್ಟಿ ಪುಡಿ ಮಾಡಿ ಹಾಕಿ ಊಟದವರೆಗೆ ಬಿಸಿಲಿಗಿಟ್ಟಾಗ ಎಣ್ಣೆ ಕಡುಗೆಂಪಾಯಿತು, ನೀರಿಗೆ ಕೆಂಪು ಹತ್ತಲೇ ಇಲ್ಲ ಅನ್ನಬಹುದು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಅನ್ನೋ ವಸ್ತು ನೀರಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಸಲೀಸು. ಬಣ್ಣವೂ ಹಾಗೇ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕ ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹುಡುಗಿಯ ಕೈ ಉರಿಸಿದ್ದು ಗುಂಟೂರು ಕಾಯಿ. ಊರಿನ ಓಲಿಯೋರೆಸಿನ್ (ಕಾಯಿಯ ಬಣ್ಣ, ಖಾರ ಇರುವ ಎಣ್ಣೆಯಂಥ ಸಾರ) ಫ್ಯಾಕ್ಟರಿಯಲ್ಲಿ ಏನು ತೆಗೆಯುತ್ತಾರೆ ಅನ್ನೋದೂ ಅವತ್ತೇ ಮಕ್ಕಳಿಗೆ ಗೊತ್ತಾಯಿತು.

ಇಲ್ಲಿಂದ ಇನ್ನೊಂದು ದಾರಿ ಹಿಡಿಯಿತು. ಒಬ್ಬ ತಂದ ಅಂಗಡಿ ಖಾರದ ಪುಡಿ ನೀರಿನ ಮೇಲೆ ಉದುರಿಸಿದರೆ ಕೆಂಪು ಗೆರೆ ಗೆರೆಯಾಗಿ ಕೆಳಗಿಳಿಯಿತು. ಬೆರೆಸಿದ ಬಣ್ಣ ನೀರಲ್ಲಿ ಕರಗುವಂಥದ್ದಾದರೆ ಹೀಗಾಗುತ್ತದೆ. ಮುಂದಿನ ವಾರವೆಲ್ಲ ಮನೆಮನೆಯಿಂದ ಪೊಟ್ಟಣಗಳು ಬಂದವು. ಒಟ್ಟು ಖರ್ಚು ಅರವತ್ತು ರೂಪಾಯಿ ಇರಬಹುದು. ಅದಕ್ಕೂ ಮುಂಚಿನ ವರ್ಷ ಹುಬ್ಬಳ್ಳಿಯಿಂದ ಎರಡೂವರೆ ಸಾವಿರದ ಗಾಜಿನ ಸಾಮಾನು ಕೈಯಿಂದ ಹಾಕಿ ತಂದಿದ್ದೆ, ಅರ್ಧ ಬಸ್ಸಲ್ಲೇ ಒಡೆಯಿತು. ಪ್ರಶ್ನೆ ಪೆಟ್ಟಿಗೆಯನ್ನೂ ಇಟ್ಟು ನೋಡಿದ್ದೆ. ಚೀಟಿ ಹಾಕುವವರು ಅದೇ ನಾಲ್ಕು ಜಾಣರು. ಉಳಿದವರಿಗೆ ಬರೆಯುವುದೇ ಕಷ್ಟ, ಕೇಳುವುದಲ್ಲ.

ಎಲ್ಲವೂ ಮತ್ತೆ ಕೈಗೆ ಸಿಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಆಗಸ್ಟ್ 15ರ ಪರೇಡ್ ಪ್ರಾಕ್ಟೀಸ್ ನಡೆದಾಗ ಒಬ್ಬ "ಕಂಬದ ನೆಳ್ಳ ಎಲ್ಲಿ ಹೋತ್ರಿ?" ಅಂದ. ಹನ್ನೆರಡೂವರೆ ಆಗಿತ್ತು, ಧ್ವಜದ ಕಂಬಕ್ಕೆ ನೆರಳೇ ಇಲ್ಲ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ 13ರ ಸುಮಾರಿಗೆ. ಏಪ್ರಿಲ್‌ನದು ಬೇಸಿಗೆ ರಜೆಗೆ ಹೋಗುತ್ತದೆ. ದೇಶದ ಗಡಿಯಾರವೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ ನಡೆಯುತ್ತದೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಅದಕ್ಕೇ ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ. ಮುಂದಿನ ವರ್ಷ ಅದನ್ನೇ ಪಾಠ ಯೋಜನೆಯಲ್ಲಿ ಬರೆದು, ಕೋಲು ನೆಟ್ಟು, ದಾರದ ಗುಂಡು ಕಟ್ಟಿ ಕಾದೆವು. ಬರೀ ಮೋಡ. ಅದರ ಮುಂದಿನ ವರ್ಷವೂ ಮೋಡ.

ಸಿಲಬಸ್ ಬಗ್ಗೆ ಎಲ್ಲರಿಗಿಂತ ಜಾಸ್ತಿ ವಾದ ಮಾಡಿದ ಸಹೋದ್ಯೋಗಿಯೇ ಈಗ ಖಾನೆಗಳ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಮಾಡುವವರಿಗೆ ಒಂದು ಮಾತು, ಡ್ರಾಯಿಂಗ್ ಶೀಟ್ ಬೇಡ, ಮಳೆಗಾಲದಲ್ಲಿ ಗೋಡೆ ಸೋರಿ ಹಾಳಾಗುತ್ತದೆ. ಹಳೇ ಫ್ಲೆಕ್ಸ್ ಬ್ಯಾನರ್ ಕೇಳಿದರೆ ಯಾರಾದರೂ ಕೊಡುತ್ತಾರೆ, ಅದರ ಬಿಳಿ ಹಿಂಬದಿಗೆ ಮಾರ್ಕರ್‌ನಿಂದ ಬರೆಯಿರಿ. ಟಿಕ್ ಹಾಕುವ ಕೆಲಸ ಮಕ್ಕಳಿಗೇ ಬಿಡಿ. ಖಾಲಿ ಖಾನೆ ಯಾವುದು ಅಂತ ನಮಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ.