ಕುದಿಸಬಾರದ ಸಾರು: ಮನೆಯಲ್ಲೇ ಅಣಬೆ ಮಿಸೊ ಸೂಪ್

ಬಸ್ಸಾರು ಮಾಡುವವರಿಗೆ ಕಟ್ಟು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕಾಳು, ಸೊಪ್ಪು ಬೇಯಿಸಿ ಬಸಿದ ಆ ನೀರು ಸಪ್ಪೆಯಾಗಿದ್ದರೆ ಎಷ್ಟು ಖಾರ ರುಬ್ಬಿ ಹಾಕಿದರೂ ಸಾರು ಮೇಲೇಳುವುದಿಲ್ಲ. ಹುದುಗಿಸಿದ ಸೋಯಾ ಹೂರಣ ಕದಡಿ ಮಾಡುವ ಜಪಾನಿನ ಮಿಸೊ ಸೂಪಿನಲ್ಲೂ ಮುಕ್ಕಾಲು ಪಾಲು ಕೆಲಸ ಕಟ್ಟಿನದೇ. ಜಪಾನಿನಲ್ಲಿ ಅದಕ್ಕೆ ದಾಶಿ ಎನ್ನುತ್ತಾರೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ನಮ್ಮ ಸಾರಿಗೆ ಉಲ್ಟಾ. ಒಗ್ಗರಣೆ ಇಲ್ಲ, ಹುಳಿ ಇಲ್ಲ, ಮಿಸೊ ಬಿದ್ದ ಮೇಲೆ ಒಂದು ಕುದಿಯೂ ಇಲ್ಲ. ಮೈಸೂರು, ಮಂಡ್ಯದ ಅಡುಗೆಮನೆಗಳಲ್ಲಿ ಈ ಸೂಪು ಕೆಡುವುದು ಹೆಚ್ಚಾಗಿ "ಇನ್ನೊಂದು ಕುದಿ ಬರಲಿ" ಅನ್ನುವ ಅಭ್ಯಾಸದಿಂದಲೇ.

ನಾಲ್ಕು ಬಟ್ಟಲಿಗೆ ಬೇಕಾದ್ದು ಇಷ್ಟು: ನೀರು 900 ಮಿ.ಲೀ., ಕೊಂಬು ಎಂಬ ಒಣ ಕಡಲ ಪಾಚಿ 8ರಿಂದ 10 ಗ್ರಾಂ (ಸುಮಾರು ಅಂಗೈ ಅಗಲದ ಒಂದು ತುಂಡು), ಒಣ ಶಿಟಾಕೆ ಅಣಬೆ ನಾಲ್ಕು (12ರಿಂದ 15 ಗ್ರಾಂ), ಹಸಿ ಅಣಬೆ 200 ಗ್ರಾಂ, ತೋಫು 150 ಗ್ರಾಂ, ಮಿಸೊ 50ರಿಂದ 60 ಗ್ರಾಂ, ಈರುಳ್ಳಿ ಸೊಪ್ಪು ಎರಡು ಎಸಳು. ಬೇಕಿದ್ದರೆ ವಾಕಮೆ ಎಂಬ ಒಣ ಪಾಚಿ ಒಂದು ಟೀ ಚಮಚ. ಅದಕ್ಕಿಂತ ಜಾಸ್ತಿ ಬೇಡ, ನೀರಲ್ಲಿ ಹತ್ತು ಪಟ್ಟು ಹಿಗ್ಗಿ ಬಟ್ಟಲನ್ನೇ ತುಂಬಿಬಿಡುತ್ತದೆ. ಉಪ್ಪು ಪಟ್ಟಿಯಲ್ಲಿ ಇಲ್ಲ, ಮಿಸೊದಲ್ಲೇ ಇದೆ.

ಮಿಸೊ ಅಂದರೆ ಸೋಯಾಕಾಳನ್ನು ಬೇಯಿಸಿ, ಅರೆದು, ಉಪ್ಪು ಮತ್ತು ಕೋಜಿ ಬೆರೆಸಿ ಹುದುಗಿಸಿದ ಗಟ್ಟಿ ಹೂರಣ. ಅಕ್ಕಿ ಅಥವಾ ಬಾರ್ಲಿಯ ಮೇಲೆ ಬೇಕೆಂದೇ ಬೆಳೆಸಿದ ಬೂಷ್ಟು ಈ ಕೋಜಿ. ಬಿಳಿ ಮಿಸೊ ಕಡಿಮೆ ದಿನ ಹುದುಗಿದ್ದು, ಸಿಹಿ ಹೆಚ್ಚು. ಕೆಂಪು ಮಿಸೊ ತಿಂಗಳುಗಟ್ಟಲೆ ಕೂತದ್ದು, ಉಪ್ಪೂ ಹೆಚ್ಚು, ವಾಸನೆಯೂ ಗಾಢ. ಅಣಬೆಗೆ ಎರಡನ್ನೂ ಸಮಸಮ ಬೆರೆಸಿದ್ದು ಚೆನ್ನ. ಒಂದನ್ನೇ ಕೊಳ್ಳುವುದಾದರೆ ನಸು ಹಳದಿ ಬಣ್ಣದ್ದು ತನ್ನಿ. ಮೊದಲ ಸಲಕ್ಕೆ ಕಡುಗೆಂಪು ಬೇಡ, ಮನೆಯವರು ಎರಡನೇ ಗುಟುಕಿಗೇ ಬಟ್ಟಲು ಪಕ್ಕಕ್ಕಿಡುತ್ತಾರೆ. ಮೈಸೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹುಡುಕಿ ನೋಡಬಹುದು, ಇಲ್ಲದಿದ್ದರೆ ಆನ್‌ಲೈನ್ ಇದ್ದೇ ಇದೆ. ಸಸ್ಯಾಹಾರಿಗಳು ಪ್ಯಾಕೆಟ್ಟಿನ ಹಿಂಬದಿ ಓದಲೇಬೇಕು. "ದಾಶಿ ಸೇರಿಸಿದ" ಮಿಸೊದಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ; ದಿಢೀರ್ ದಾಶಿ ಪುಡಿಗಳಲ್ಲೂ ಬಹುಪಾಲು ಅದೇ ಕಥೆ. ಹಸಿರು ಗುರುತು ಕಾಣದಿದ್ದರೆ ಬಿಟ್ಟುಬಿಡಿ. ಇಲ್ಲಿ ಹೇಳುವ ಮೀನಿಲ್ಲದ ದಾಶಿ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದೇನಲ್ಲ. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಕೊಂಬು, ಶಿಟಾಕೆ ಎರಡರಿಂದಲೇ ಕಟ್ಟು ತೆಗೆಯುವುದು ಹಳೆಯ ಪದ್ಧತಿ.

ಕೊಂಬು ಅಂದ ತಕ್ಷಣ ದನದ ಕೊಂಬು ನೆನಪಾದರೆ ತಪ್ಪಿಲ್ಲ, ಅಷ್ಟೇ ಗಡುಸಾಗಿರುತ್ತದೆ. ಇದು ಕಡಲ ಪಾಚಿಯ ದಪ್ಪ ಎಲೆ, ಒಣಗಿಸಿದ್ದು. ಜಪಾನಿನದು ಬಹುಪಾಲು ಹೊಕ್ಕೈಡೊ ಕಡಲಿನದು. ಮೇಲೆ ಬೂದಿ ಬಳಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ಬೂಷ್ಟು ಅಂದುಕೊಂಡು ನಲ್ಲಿ ಕೆಳಗೆ ಉಜ್ಜಿ ತೊಳೆಯಬೇಡಿ. ಅದು ಮ್ಯಾನಿಟಾಲ್ ಎಂಬ ಸಕ್ಕರೆಯ ಜಾತಿಯ ವಸ್ತು, ರುಚಿಗೆ ಬೇಕಾದದ್ದೇ. ಒದ್ದೆ ಬಟ್ಟೆ ಹಿಂಡಿ ಮೇಲಿಂದ ಒಮ್ಮೆ ಸವರಿದರೆ ಸಾಕು.

ನೀರಿನ ವಿಚಾರ ನಮ್ಮ ಕಡೆ ಮುಖ್ಯ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಕೊಂಬಿನ ಸತ್ವ ಸರಿಯಾಗಿ ಬಿಡುವುದಿಲ್ಲ. ನೀರಿನ ಕ್ಯಾಲ್ಸಿಯಂ ಪಾಚಿಯ ಅಂಟಿಗೆ ಕಚ್ಚಿಕೊಂಡು ಮೇಲ್ಮೈ ಬಿಗಿದುಬಿಡುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಬೇಳೆ ಬೇಯದೆ ಸತಾಯಿಸುವ ನೀರು ದಾಶಿಗೂ ಬೇಡ. ಕಾವೇರಿ ನೀರು ಬರುವ ಮನೆಯಾದರೆ ಅದನ್ನೇ ಬಳಸಿ, ಇಲ್ಲವೇ ಫಿಲ್ಟರ್ ನೀರು.

ರಾತ್ರಿ ಮಲಗುವ ಮುಂಚೆ ಶಿಟಾಕೆಯನ್ನು ಒಮ್ಮೆ ಜಾಲಿಸಿ, ಕೊಂಬಿನ ಜೊತೆ 900 ಮಿ.ಲೀ. ತಣ್ಣೀರಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಆರರಿಂದ ಎಂಟು ಗಂಟೆ ನೆನೆಯಲಿ. ಬೇಸಿಗೆಯಲ್ಲಿ ಹೊರಗಿಟ್ಟರೆ ಬೆಳಗ್ಗೆ ಹುಳಿ ವಾಸನೆ ಬಂದಿರುತ್ತದೆ. ಬಿಸಿನೀರಲ್ಲಿ ನೆನೆಸಿದರೆ ಅರ್ಧ ಗಂಟೆಗೇ ಮೆತ್ತಗಾಗುತ್ತದಲ್ಲ ಅಂತ ಕೇಳಬಹುದು. ಮೆತ್ತಗಾಗುತ್ತದೆ, ರುಚಿ ಬರುವುದಿಲ್ಲ. ಕೊಂಬು ಕೊಡುವುದು ಗ್ಲುಟಮೇಟ್ ಎಂಬ ರುಚಿಯ ವಸ್ತು. 1908ರಲ್ಲಿ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಅದನ್ನು ಗುರುತಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟ. ಒಣ ಶಿಟಾಕೆಯದು ಗ್ವಾನಿಲೇಟ್. ತಣ್ಣೀರಲ್ಲಿ ನೆಂದ ಅಣಬೆಯನ್ನು ಆಮೇಲೆ ಕಾಯಿಸಿದಾಗ ಅದು ಹುಟ್ಟುತ್ತದೆ; ಉಗುರುಬೆಚ್ಚಗಿನ ನೀರಲ್ಲಿ ಬಹಳ ಹೊತ್ತು ಬಿಟ್ಟರೆ ಅದನ್ನೇ ಒಡೆದುಹಾಕುವ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಎರಡೂ ಒಂದೇ ಪಾತ್ರೆಯಲ್ಲಿ ಸೇರಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಬರೀ ಶಿಟಾಕೆ ದಾಶಿ, ಬರೀ ಕೊಂಬು ದಾಶಿ, ಎರಡೂ ಬೆರೆತದ್ದು, ಈ ಮೂರನ್ನೂ ಒಂದೊಂದು ಚಮಚ ಕುಡಿದು ನೋಡಿ, ನಾಲಿಗೆಯೇ ಹೇಳುತ್ತದೆ.

ಬೆಳಗ್ಗೆ ಆ ಪಾತ್ರೆಯನ್ನು ಸಣ್ಣ ಉರಿಯಲ್ಲಿಡಿ. ಸ್ಟೀಲ್ ಪಾತ್ರೆಯಾದರೆ ಒಳ್ಳೆಯದು, ಕಬ್ಬಿಣದ್ದು ಬೇಡ, ಅಣಬೆ ಕಪ್ಪಾಗುತ್ತದೆ. ಹತ್ತು ನಿಮಿಷದಲ್ಲಿ ತಳದಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆ ಕಟ್ಟಲು ಶುರುವಾಗುತ್ತದೆ, ಕೊಂಬಿನ ಅಂಚಿನಲ್ಲೂ ಸಣ್ಣ ಗುಳ್ಳೆಗಳು ಸಾಲಾಗಿ ಅಂಟಿರುತ್ತವೆ. ಕೊಂಬು ತೆಗೆಯುವ ಹೊತ್ತು ಅದೇ. ಉಗುರು ಒತ್ತಿದರೆ ಅಚ್ಚು ಮೂಡಬೇಕು. ಇನ್ನೂ ಗಟ್ಟಿಯಿದ್ದರೆ ಸ್ವಲ್ಪ ತಣ್ಣೀರು ಚುಮುಕಿಸಿ ಇನ್ನೆರಡು ನಿಮಿಷ ಬಿಡಿ. ಕುದಿಯೊಳಗೆ ಕೊಂಬು ಉಳಿದರೆ ದಾಶಿ ಬೆಂಡೆಕಾಯಿ ಲೋಳೆಯಂತೆ ಎಳೆಯುತ್ತದೆ, ಹಿಂದೆಯೇ ಒಂದು ಕಹಿ. ಅದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ಶಿಟಾಕೆಯನ್ನೂ ತೆಗೆದು, ದಾಶಿಯನ್ನು ತೆಳು ಬಟ್ಟೆಯಲ್ಲಿ ಸೋಸಿ. ಒಣ ಅಣಬೆಯ ಮಡಿಕೆಯಲ್ಲಿ ಮರಳಿನ ಕಣ ಕೂತಿರುತ್ತದೆ, ತಳದ ಕೊನೆಯ ಎರಡು ಚಮಚ ಚೆಲ್ಲಿಬಿಡಿ. ಶಿಟಾಕೆಯ ತೊಟ್ಟು ಕತ್ತರಿಸಿ ಎತ್ತಿಡಿ, ಟೋಪಿಯನ್ನು ತೆಳ್ಳಗೆ ಹೆಚ್ಚಿ ದಾಶಿಗೆ ಮರಳಿ ಹಾಕಿ ಕುದಿಸಿ. ಇಲ್ಲಿ ಕುದಿಸಬಹುದು, ಕುದಿಸಲೇಬೇಕು. ಅರೆಬೆಂದ ಶಿಟಾಕೆ ಕೆಲವರಿಗೆ ಮೈಮೇಲೆ ಚಾಟಿಯಲ್ಲಿ ಹೊಡೆದಂತೆ ಕೆಂಪು ಬರೆ ಎಬ್ಬಿಸುತ್ತದೆ. ಏಳೆಂಟು ನಿಮಿಷ ಚೆನ್ನಾಗಿ ಬೇಯಲಿ.

ಹಸಿ ಅಣಬೆಯಲ್ಲಿ ಚಿಪ್ಪಣಬೆ ಇದಕ್ಕೆ ಎಲ್ಲಕ್ಕಿಂತ ಹೊಂದುತ್ತದೆ. ಬುಡದ ಗಟ್ಟಿ ಭಾಗ ಕತ್ತರಿಸಿ, ಎಳೆ ಹೋದ ದಿಕ್ಕಿನಲ್ಲೇ ಕೈಯಲ್ಲಿ ಸಿಗಿಯಿರಿ, ಚಾಕು ಬೇಡ. ಸಿಗಿದ ಅಂಚು ಒರಟಾಗಿ ಮಿಸೊ ಹಿಡಿದುಕೊಳ್ಳುತ್ತದೆ. ನೇರವಾಗಿ ದಾಶಿಗೆ ಹಾಕಿ ಮೂರು ನಾಲ್ಕು ನಿಮಿಷ. ಹಾಲಣಬೆ ಗಡುಸು, ತೆಳ್ಳಗೆ ಹೆಚ್ಚಿ ಇನ್ನೆರಡು ನಿಮಿಷ ಜಾಸ್ತಿ ಬೇಯಿಸಿ. ಎಲ್ಲ ಕಡೆ ಸಿಗುವ ಬಟನ್ ಅಣಬೆಯದ್ದೇ ತಕರಾರು. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, ಹಸಿಯಾಗಿ ಹಾಕಿದರೆ ದಾಶಿ ತೆಳುವಾಗುತ್ತದೆ. ಅರ್ಧ ಬೆರಳು ದಪ್ಪಕ್ಕೆ ಹೆಚ್ಚಿ, ಎಣ್ಣೆ ಹಾಕದೆ ಕಾದ ಬಾಣಲೆಯಲ್ಲಿ ಹರಡಿ. ಮೊದಲು ಕಿರುಗುಟ್ಟುತ್ತದೆ, ಆಮೇಲೆ ನೀರು ಬಿಟ್ಟು ತೊಪ್ಪೆಯಾಗುತ್ತದೆ. ಆ ನೀರು ಹಿಂಗಿ ಮತ್ತೆ ಕಿರುಗುಟ್ಟಿ ಅಂಚು ಕಂದಾಗುವವರೆಗೆ ಕಾಯಿರಿ. ಆಮೇಲೆ ದಾಶಿಗೆ. ಜಪಾನಿನ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೆ ಹುರಿಯುವುದಿಲ್ಲ, ಅವರಿಗೆ ಶಿಮೆಜಿ, ಎನೊಕಿ ಎಂಬ ಅಣಬೆಗಳು ಸಲೀಸಾಗಿ ಸಿಗುತ್ತವೆ. ಮುಂಗಾರಿನ ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಯನ್ನು ಇದಕ್ಕೆ ಹಾಕಿ ಹಾಳುಮಾಡಬೇಡಿ. ಮಿಸೊ ಅದರ ಘಮವನ್ನು ಮುಚ್ಚಿಬಿಡುತ್ತದೆ. ಅದಕ್ಕೆ ನಮ್ಮ ಸಾರೇ ಸರಿ, ಅದೂ ಗುರುತು ಬಲ್ಲವರು ಕಿತ್ತು ತಂದದ್ದಾದರೆ ಮಾತ್ರ.

ಅಣಬೆ ಬೆಂದ ಮೇಲೆ ತೋಫುವನ್ನು ಅಂಗೈ ಮೇಲಿಟ್ಟುಕೊಂಡು ಒಂದು ಸೆಂ.ಮೀ. ಚೌಕ ಹೆಚ್ಚಿ ಮೆಲ್ಲಗೆ ಜಾರಿಸಿ. ಸೌಟಿನಲ್ಲಿ ಜೋರಾಗಿ ತಿರುವಿದರೆ ಪುಡಿಯಾಗುತ್ತದೆ. ತೋಫು ಸಿಗದಿದ್ದರೆ ಬಿಟ್ಟುಬಿಡಿ. ಪನೀರಿನ ಹಾಲಿನ ವಾಸನೆ ಇದರಲ್ಲಿ ಕೂರುವುದಿಲ್ಲ. ವಾಕಮೆ ಹಾಕುವುದಿದ್ದರೆ ಇದೇ ಹೊತ್ತಿಗೆ. ಒಂದು ನಿಮಿಷ ಬಿಸಿಯಾಗಲಿ, ಗ್ಯಾಸ್ ಆರಿಸಿ.

ಇನ್ನು ಮಿಸೊ. ಎಷ್ಟೇ ಹೊತ್ತಾಗಿರಲಿ, ಒಲೆ ಆರಿಸಿದ ಮೇಲೆ ಒಂದು ನಿಮಿಷ ಸುಮ್ಮನಿರಿ. ಮಿಸೊ ಮುದ್ದೆಯನ್ನು ನೇರ ಪಾತ್ರೆಗೆ ಹಾಕಿದರೆ ಉಂಡೆಯಾಗಿ ತಳ ಸೇರುತ್ತದೆ, ಯಾರದೋ ಒಬ್ಬರ ಬಟ್ಟಲಿಗೆ ಉಪ್ಪಿನ ಗಡ್ಡೆ ಬೀಳುತ್ತದೆ. ಅಂಬಲಿಗೆ ರಾಗಿ ಹಿಟ್ಟು ಕದಡುವುದಿಲ್ಲವೇ, ಹಾಗೆ. ಒಂದು ಬಟ್ಟಲಲ್ಲಿ ಮೂರು ಮಟ್ಟಸ ದೊಡ್ಡ ಚಮಚ ಮಿಸೊ ತೆಗೆದುಕೊಂಡು (15 ಮಿ.ಲೀ. ಚಮಚಕ್ಕೆ ಸುಮಾರು 18 ಗ್ರಾಂ), ಒಂದು ಸೌಟು ದಾಶಿ ಬೆರೆಸಿ ಕದಡಿ ಸುರಿಯಿರಿ. ಇಲ್ಲವೇ ಟೀ ಸೋಸುವ ಜಾಲರಿಯಲ್ಲಿಟ್ಟು ದಾಶಿಯಲ್ಲಿ ಅದ್ದಿ, ಚಮಚದ ಬೆನ್ನಿನಿಂದ ಉಜ್ಜಿ. ಎಲ್ಲ ಒಂದೇ ಸಲ ಬೇಡ, ಎರಡು ಚಮಚ ಕದಡಿ ರುಚಿ ನೋಡಿ ಮೂರನೆಯದು. ಮಿಸೊದ ಉಪ್ಪು ಜಾತಿಯಿಂದ ಜಾತಿಗೆ ಬೇರೆ: ಮಾಮೂಲಿ ಮಿಸೊದಲ್ಲಿ ನೂರಕ್ಕೆ 12ರ ಆಸುಪಾಸು, ಸಿಹಿ ಬಿಳಿಯದ್ದರಲ್ಲಿ ಅದರ ಅರ್ಧ. ಬಿಳಿ ಬಳಸಿದರೆ ಅಳತೆ ಹೆಚ್ಚಬೇಕಾಗುತ್ತದೆ. ಮಾಮೂಲಿ ಮಿಸೊ 50 ಗ್ರಾಂ ಹಾಕಿದರೆ ಬಟ್ಟಲಿಗೆ ಸುಮಾರು ಒಂದೂವರೆ ಗ್ರಾಂ ಉಪ್ಪು ಬೀಳುತ್ತದೆ. ಬಿ.ಪಿ. ಇರುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಲಿ. ಕೊಂಬಿನಲ್ಲಿ ಅಯೋಡಿನ್ ವಿಪರೀತ, ಒಂದು ಗ್ರಾಂನಲ್ಲೇ ದಿನಕ್ಕೆ ಬೇಕಾದ 150 ಮೈಕ್ರೊಗ್ರಾಂನ ಹಲವು ಪಟ್ಟು ಇರುತ್ತದೆ; ಥೈರಾಯ್ಡ್ ತೊಂದರೆ ಇದ್ದವರು ವೈದ್ಯರನ್ನು ಕೇಳಿ, ಇಲ್ಲವೇ ಕೊಂಬು ಬಿಟ್ಟು ಶಿಟಾಕೆ 25 ಗ್ರಾಂಗೆ ಏರಿಸಿ.

ಮತ್ತೆ ಬಿಸಿ ಮಾಡಬೇಕೆನಿಸಿದರೆ ಸಣ್ಣ ಉರಿ, ಪಾತ್ರೆಯ ಅಂಚು ಅಲುಗಿದ ಕೂಡಲೇ ಇಳಿಸಿ. ಕುದಿಸಿದರೆ ಹುದುಗಿನಿಂದ ಬಂದ ಘಮವೆಲ್ಲ ಹಬೆಯ ಜೊತೆ ಹೊರಟುಹೋಗುತ್ತದೆ, ಉಳಿಯುವುದು ಉಪ್ಪುನೀರು. ಮೇಲೆ ಒಡೆದ ಹಾಲಿನಂಥ ಕಣಗಳೂ ತೇಲುತ್ತವೆ.

ಸೂಪು ಸಪ್ಪೆ ಅನಿಸಿದರೆ ಉಪ್ಪಿನ ಡಬ್ಬಿಗೆ ಕೈ ಹಾಕಬೇಡಿ. ದಾಶಿ ನೀರಾಗಿದೆ ಎಂದರ್ಥ, ನಾಳೆ ಅಣಬೆ ಇನ್ನೊಂದು ಜಾಸ್ತಿ ನೆನೆಸಿ. ಉಪ್ಪಾದರೆ ಬಿಸಿನೀರು ಸೇರಿಸಿ. ಬಟ್ಟಲಲ್ಲಿ ಮಿಸೊ ಕೆಳಗಿಳಿದು ಮೇಲೆ ತಿಳಿ ನಿಂತರೆ ಕೆಟ್ಟಿತೆಂದು ಗಾಬರಿ ಬೇಡ. ಬಿಸಿ ಇರುವಷ್ಟು ಹೊತ್ತು ಅದು ತಳದಿಂದ ಮೋಡದ ಹಾಗೆ ಎದ್ದು, ಮೇಲೆ ಅರಳಿ, ಮತ್ತೆ ಇಳಿಯುತ್ತಲೇ ಇರುತ್ತದೆ. ಕುಡಿಯುವ ಮುಂಚೆ ಒಮ್ಮೆ ಕದಡಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಬಟ್ಟಲಿಗೇ ಉದುರಿಸಿ. ಖಾರ ಬೇಕೇ ಬೇಕು ಅನ್ನುವವರು ಹುರಿದ ಎಳ್ಳು, ಚಿಟಿಕೆ ಮೆಣಸಿನಪುಡಿ ಉದುರಿಸಿಕೊಳ್ಳಲಿ. ಜಪಾನಿನವರೂ ಏಳು ಸಾಮಾನಿನ ಖಾರದ ಪುಡಿ ಹಾಕಿಕೊಳ್ಳುತ್ತಾರೆ. ಪಕ್ಕಕ್ಕೆ ರಾಜಮುಡಿ ಅನ್ನ ಚೆನ್ನ, ಗುಟುಕು ಗುಟುಕಾಗಿ ಕುಡಿಯುತ್ತ ಉಣ್ಣುವುದು. ಮುದ್ದೆಗೆ ಇದು ಆಗಿಬರುವುದಿಲ್ಲ, ಅಷ್ಟು ತೆಳುವಾದದ್ದು ಮುದ್ದೆಗೆ ಅಂಟುವುದೇ ಇಲ್ಲ.

ಮಿಸೊ ಹಾಕದ ದಾಶಿ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಹಾಗಾಗಿ ಕುಡಿಯುವಷ್ಟಕ್ಕೆ ಮಾತ್ರ ಮಿಸೊ ಕದಡಿ. ತೆರೆದ ಮಿಸೊ ಡಬ್ಬಿಯಲ್ಲಿ ಮೇಲ್ಮೈಗೆ ಬಟರ್ ಪೇಪರ್ ಒತ್ತಿ ಮುಚ್ಚಿಡಿ. ಫ್ರೀಜರಿನಲ್ಲಿಟ್ಟರೂ ಉಪ್ಪಿನಿಂದಾಗಿ ಕಲ್ಲಾಗದೆ ಚಮಚಕ್ಕೆ ಬರುತ್ತದೆ. ಬಸಿದ ಕೊಂಬು, ಎತ್ತಿಟ್ಟ ಶಿಟಾಕೆ ತೊಟ್ಟು ಚೆಲ್ಲಬೇಡಿ. ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು, ಎರಡು ಚಮಚ ಸೋಯಾ ಸಾಸ್, ಒಂದು ಚಮಚ ಮಂಡ್ಯದ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಬಾಡಿಸಿ, ಕೊನೆಗೆ ಎಳ್ಳು. ಮೊಸರನ್ನಕ್ಕೆ ನೆಂಚಿಕೊಳ್ಳಲು ಉಪ್ಪಿನಕಾಯಿ ಬೇಕಾಗುವುದಿಲ್ಲ.