ಮುಚ್ಚದ ಟ್ಯಾಬುಗಳು ಮತ್ತು ಡಿಸ್ಟ್ ಫೋಲ್ಡರ್: ಬಿಲ್ಡ್ ಕಡತಗಳನ್ನು ಜೋಡಿಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಒಂದು ಪತ್ತಿನ ಸಹಕಾರ ಸಂಘದ ಶಾಖೆಗಳದ್ದು. ಬೆಳಿಗ್ಗೆ ಹತ್ತಕ್ಕೆ ಗುಮಾಸ್ತರು ಅದನ್ನು ಬ್ರೌಸರಿನಲ್ಲಿ ತೆರೆದರೆ ಸಂಜೆ ಲೆಕ್ಕ ಮುಗಿಯುವವರೆಗೂ ಆ ಟ್ಯಾಬನ್ನು ಮುಚ್ಚುವುದಿಲ್ಲ. ಕೆಲವರು ರಾತ್ರಿ ಕಂಪ್ಯೂಟರನ್ನು ಆರಿಸದೆಯೇ ಹೋಗಿ ಮರುದಿನ ಅದೇ ಟ್ಯಾಬಿನಲ್ಲಿ ಕೆಲಸ ಮುಂದುವರಿಸುತ್ತಾರೆ. ಈ ಅಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಿಲ್ಡ್ ಆದ, ಎಂದರೆ ಬರೆದ ಕೋಡಿನಿಂದ ಬ್ರೌಸರಿಗಾಗಿ ತಯಾರಾದ, ಕಡತಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ನನಗೆ ಕಲಿಸಿದ್ದು ಬಹುಪಾಲು ಈ ಮುಚ್ಚದ ಟ್ಯಾಬುಗಳೇ.

ಯೋಜನೆ ಶುರುವಾದಾಗ ನಮ್ಮಲ್ಲಿದ್ದದ್ದು ವೆಬ್‌ಪ್ಯಾಕ್ 4 ಎಂಬ ಬಿಲ್ಡ್ ಸಾಧನ. ಔಟ್‌ಪುಟ್ ಕಡತದ ಹೆಸರಿನ ಜಾಗದಲ್ಲಿ ಯಾರೋ [ನೇಮ್].[ಹ್ಯಾಶ್].ಜೆಎಸ್ ಎಂದು ಬರೆದಿಟ್ಟಿದ್ದರು, ನಾನೂ ಅದನ್ನು ಪ್ರಶ್ನಿಸಲಿಲ್ಲ. ಆ ಹ್ಯಾಶ್, ಎಂದರೆ ವಿಷಯದಿಂದ ಲೆಕ್ಕ ಹಾಕಿ ಹೆಸರಿಗೆ ಸೇರಿಸುವ ಅಕ್ಷರ-ಅಂಕಿಗಳ ಗುರುತು, ಇಡೀ ಬಿಲ್ಡ್‌ಗೆ ಒಂದೇ ಎಂಬುದು ತಿಳಿದದ್ದು ಬಹಳ ತಡವಾಗಿ. ಒಂದು ಪರದೆಯಲ್ಲಿ ಒಂದು ಅಕ್ಷರದ ತಪ್ಪನ್ನು ತಿದ್ದಿದರೂ ಎಲ್ಲ ಕಡತಗಳ ಹೆಸರೂ ಬದಲಾಗುತ್ತಿತ್ತು; ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡಿದ್ದ ಹಳ್ಳಿಯ ಶಾಖೆಗಳು ಬದಲಾಗದ ಲೈಬ್ರರಿಗಳನ್ನೂ ಪ್ರತಿ ಬಿಡುಗಡೆಯಲ್ಲಿ ಮತ್ತೆ ಇಳಿಸಿಕೊಳ್ಳುತ್ತಿದ್ದವು. ಆಯಾ ಕಡತದ ಒಳಗಿನ ವಿಷಯದಿಂದಲೇ ಲೆಕ್ಕ ಹಾಕುವ ಕಂಟೆಂಟ್‌ಹ್ಯಾಶ್ ಎಂಬ ಬೇರೆ ಗುರುತು ವೆಬ್‌ಪ್ಯಾಕ್‌ನಲ್ಲೇ ಇತ್ತು. ಅದನ್ನು ಹಾಕಿದ ದಿನವೇ ದೂರುಗಳು ಅರ್ಧದಷ್ಟು ಇಳಿದವು ಎಂದು ನನಗೆ ಅನ್ನಿಸಿತು, ಆದರೆ ಅಳೆದು ನೋಡಿರಲಿಲ್ಲ.

2024ರ ಆರಂಭದಲ್ಲಿ ನಾವು ವೀಟ್ 5 ಎಂಬ ಇನ್ನೊಂದು ಬಿಲ್ಡ್ ಸಾಧನಕ್ಕೆ ಬಂದೆವು. ಆ ಆವೃತ್ತಿಯಲ್ಲಿ ಬಿಲ್ಡ್ ಮಾಡುವಾಗ ಒಳಗೆ ಕೆಲಸ ಮಾಡುವುದು ಕೋಡ್ ಕಡತಗಳನ್ನು ಒಟ್ಟುಗೂಡಿಸುವ ರೋಲಪ್. ಏನನ್ನೂ ಹೇಳದಿದ್ದರೆ ವೀಟ್ ಡಿಸ್ಟ್ ಎಂಬ ಫೋಲ್ಡರ್ ಮಾಡಿ, ಅದರೊಳಗೆ ಅಸೆಟ್ಸ್ ಎಂಬ ಇನ್ನೊಂದು ಫೋಲ್ಡರಿನಲ್ಲಿ ಜಾವಾಸ್ಕ್ರಿಪ್ಟ್, ಸಿಎಸ್ಎಸ್, ಚಿತ್ರ, ಫಾಂಟ್ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತದೆ. ಅದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ. ರೋಲಪ್ ಆಯ್ಕೆಗಳ ಔಟ್‌ಪುಟ್ ಭಾಗದಲ್ಲಿ ಮೊದಲು ಓಡುವ ಎಂಟ್ರಿ ಕಡತಗಳಿಗೆ, ಕೋಡನ್ನು ಒಡೆದ ತುಂಡುಗಳಾದ ಚಂಕ್‌ಗಳಿಗೆ ಮತ್ತು ಇತರ ಅಸೆಟ್‌ಗಳಿಗೆ ಬೇರೆ ಬೇರೆ ಹೆಸರಿನ ಮಾದರಿ ಕೊಡುವ ಮೂರು ಜಾಗಗಳಿವೆ. ಮೊದಲ ಎರಡಕ್ಕೆ ಜೆಎಸ್/[ನೇಮ್]-[ಹ್ಯಾಶ್].ಜೆಎಸ್ ಎಂದು ಕೊಟ್ಟೆ. ಮೂರನೆಯದಕ್ಕೆ ಒಂದು ಫಂಕ್ಷನ್ ಬರೆದೆ: ಕಡತದ ಬಾಲ ನೋಡಿ ಚಿತ್ರವಾದರೆ ಇಮೇಜಸ್, ಫಾಂಟ್ ಆದರೆ ಫಾಂಟ್ಸ್, ಸಿಎಸ್ಎಸ್ ಆದರೆ ಸಿಎಸ್ಎಸ್ ಎಂಬ ಫೋಲ್ಡರಿಗೆ ಕಳಿಸುವಂಥದ್ದು. ಮುಂದೆ ರೋಲಪ್‌ನ ಹೊಸ ಆವೃತ್ತಿಗಳು ಈ ಫಂಕ್ಷನ್ನಿಗೆ ಬರುವ ಮಾಹಿತಿಯಲ್ಲಿ ಒಂಟಿ ನೇಮ್ ಅನ್ನು ಕೈಬಿಟ್ಟು ನೇಮ್ಸ್ ಎಂಬ ಪಟ್ಟಿಯನ್ನು ಬಳಸಲು ಹೇಳಿದ್ದರಿಂದ ಅದನ್ನು ಮತ್ತೊಮ್ಮೆ ತಿದ್ದಬೇಕಾಯಿತು. ಡಿಸ್ಟ್ ಫೋಲ್ಡರ್ ಅಡುಗೆಮನೆಯ ಡಬ್ಬಿಗಳ ಸಾಲಿನಂತೆ ಕಾಣುತ್ತಿತ್ತು. ಪ್ರತಿ ಬಿಲ್ಡ್‌ಗೆ ಮುನ್ನ ವೀಟ್ ಡಿಸ್ಟನ್ನು ತಾನೇ ಖಾಲಿ ಮಾಡುತ್ತದೆ. ಸರ್ವರಿಗೆ ಏರಿಸುವ ಆರ್‌ಸಿಂಕ್ ಆಜ್ಞೆಗೂ ಡಿಲೀಟ್ ಆಯ್ಕೆ ಸೇರಿಸಿ, ಹಳೆಯದು ಒಂದೂ ಉಳಿಯದಂತೆ ಮಾಡಿದೆ.

ಮೂರನೆಯ ಬಿಡುಗಡೆಯ ಮಧ್ಯಾಹ್ನ ಫೋನ್ ಬಂತು. ಠೇವಣಿ ವರದಿಯನ್ನು ಒತ್ತಿದರೆ ಪರದೆ ಬೆಳ್ಳಗಾಗುತ್ತದೆ ಎಂದರು. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು. ಸರ್ವರಿನ ಲಾಗ್ ನೋಡಿದರೆ ಎಲ್ಲ ಕೋರಿಕೆಗಳಿಗೂ ಸರಿ ಎನ್ನುವ 200 ಎಂಬ ಉತ್ತರವೇ ಹೋಗಿತ್ತು, ಕಡತ ಸಿಗಲಿಲ್ಲ ಎನ್ನುವ 404 ಒಂದೂ ಇರಲಿಲ್ಲ. ಕೊನೆಗೆ ಶಾಖೆಯೊಂದರ ಗುಮಾಸ್ತರಿಗೆ ಎಫ್12 ಒತ್ತಿಸಿ, ಕೆಂಪಕ್ಷರದ ಸಾಲಿನ ಫೋಟೋ ತರಿಸಿಕೊಂಡಾಗ ವಿಷಯ ಗೊತ್ತಾಯಿತು: ಬ್ರೌಸರ್ ಕೇಳಿದ್ದು ಜಾವಾಸ್ಕ್ರಿಪ್ಟ್ ಮಾಡ್ಯೂಲನ್ನು, ಸರ್ವರ್ ಕೊಟ್ಟದ್ದು ಎಚ್‌ಟಿಎಂಎಲ್ ಪುಟವನ್ನು.

ನಡೆದದ್ದು ಇಷ್ಟು. ವರದಿಯ ಪರದೆಗಳನ್ನು ನಾವು ಬೇಕಾದಾಗ ಮಾತ್ರ ಇಳಿಯುವ ಬೇರೆ ಚಂಕ್‌ಗಳಾಗಿ ಒಡೆದಿದ್ದೆವು. ಬೆಳಿಗ್ಗೆ ತೆರೆದ ಟ್ಯಾಬಿನಲ್ಲಿ ಓಡುತ್ತಿದ್ದ ಹಳೆಯ ಎಂಟ್ರಿ ಕಡತಕ್ಕೆ ಹಳೆಯ ಹ್ಯಾಶ್ ಇರುವ ಹೆಸರುಗಳಷ್ಟೇ ಗೊತ್ತಿದ್ದವು. ಮಧ್ಯಾಹ್ನ ನಾನು ಬಿಡುಗಡೆ ಮಾಡಿದಾಗ ಆ ಹೆಸರಿನ ಕಡತಗಳು ಸರ್ವರಿನಿಂದ ಅಳಿದುಹೋದವು. ಮೂರು ಗಂಟೆಗೆ ಗುಮಾಸ್ತರು ವರದಿಯನ್ನು ಒತ್ತಿದಾಗ ಬ್ರೌಸರ್ ಇಲ್ಲದ ಕಡತವನ್ನು ಕೇಳಿತು. ಒಂದೇ ಪುಟದ ಅಪ್ಲಿಕೇಶನ್ ಆದ್ದರಿಂದ, ಸಿಗದ ಯಾವ ವಿಳಾಸಕ್ಕೂ ಇಂಡೆಕ್ಸ್ ಪುಟವನ್ನೇ ಕೊಡು ಎಂದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶಕ್ಕೆ ನಾವೇ ಹೇಳಿದ್ದೆವು, ಅದು ಹೇಳಿದಂತೆ ಮಾಡಿತು. ಮಾಡ್ಯೂಲ್ ಬರಬೇಕಾದಲ್ಲಿ ಪುಟ ಬಂದರೆ ಬ್ರೌಸರ್ ಅದನ್ನು ಓಡಿಸಲು ಒಪ್ಪುವುದಿಲ್ಲ. ನಾನು ಪ್ರತಿ ಸಲ ಪುಟವನ್ನು ಹೊಸದಾಗಿ ತೆರೆದು ಪರೀಕ್ಷಿಸುತ್ತಿದ್ದುದರಿಂದ ನನ್ನ ಕಣ್ಣಿಗೆ ಈ ದೋಷ ಎಂದೂ ಬೀಳುವಂತಿರಲಿಲ್ಲ.

ಹಾಗಾದರೆ ಐದು ವರ್ಷ ವೆಬ್‌ಪ್ಯಾಕ್ ಕಾಲದಲ್ಲಿ ಇದು ಏಕೆ ಆಗಲಿಲ್ಲ? ಹಳೆಯ ಸರ್ವರಿನ ಬ್ಯಾಕಪ್ ತೆರೆದು ನೋಡಿದೆ. ವೆಬ್‌ಪ್ಯಾಕ್ 4 ಔಟ್‌ಪುಟ್ ಫೋಲ್ಡರನ್ನು ತಾನಾಗಿ ಗುಡಿಸುವುದಿಲ್ಲ. ಅದಕ್ಕೊಂದು ಪ್ಲಗಿನ್ ಬೇಕಿತ್ತು, ನಾವು ಹಾಕಿರಲಿಲ್ಲ. ಹಾಗಾಗಿ ಐದು ವರ್ಷದ ಕಡತಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಆ ಕೊಳಕೇ ನಮ್ಮನ್ನು ಕಾಪಾಡಿತ್ತು, ನನ್ನ ಶುಚಿತ್ವ ಕೆಡಿಸಿತ್ತು.

ಇದಾದ ಮೇಲೆ ಕಡತಗಳನ್ನು ಜಾತಿಯ ಪ್ರಕಾರ ವಿಂಗಡಿಸುವುದನ್ನು ಬಿಟ್ಟು, ಪ್ರತಿಯೊಂದು ಕಡತವೂ ಬ್ರೌಸರಿನಲ್ಲಿ ಎಷ್ಟು ಕಾಲ ಉಳಿಯಬಹುದು ಎಂಬುದರ ಪ್ರಕಾರ ವಿಂಗಡಿಸಿದೆ. ಡಿಸ್ಟ್ ಫೋಲ್ಡರನ್ನು ದಿನವೂ ಓದುವುದು ಸರ್ವರೇ ಹೊರತು ನಾನಲ್ಲ, ಮತ್ತು ಸರ್ವರಿನ ನಿಯಮಗಳನ್ನು ಫೋಲ್ಡರಿನ ಹೆಸರಿಗೆ ಕಟ್ಟುವುದು ಸುಲಭ. ಹೆಸರಿನಲ್ಲಿ ಹ್ಯಾಶ್ ಇರುವುದೆಲ್ಲ, ಯಾವ ಬಗೆಯದಾದರೂ, ಅಸೆಟ್ಸ್ ಫೋಲ್ಡರಿನಲ್ಲಿ ಚಪ್ಪಟೆಯಾಗಿ ಇರುತ್ತದೆ. ಅಂದರೆ ವೀಟ್ ಮೊದಲೇ ಕೊಟ್ಟಿದ್ದ ವ್ಯವಸ್ಥೆಗೇ ನಾನು ಮರಳಿ ಬಂದಿದ್ದೆ. ಈ ಫೋಲ್ಡರಿಗೆ, ಕಡತವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂದು ಬ್ರೌಸರಿಗೆ ತಿಳಿಸುವ ಕ್ಯಾಶ್ ಕಂಟ್ರೋಲ್ ಹೆಡರಿನಲ್ಲಿ 31536000 ಸೆಕೆಂಡು, ಎಂದರೆ ಒಂದು ವರ್ಷ, ಮತ್ತು ಬದಲಾಗದು ಎಂಬರ್ಥದ ಇಮ್ಯೂಟಬಲ್ ಎಂದು ಕೊಟ್ಟೆ. ಹೆಸರು ಅದೇ ಇದ್ದರೆ ಒಳಗಿನದೂ ಅದೇ ಎಂಬ ಖಾತರಿ ಇರುವುದರಿಂದ ಬ್ರೌಸರ್ ಮತ್ತೆ ಕೇಳಬೇಕಾಗಿಲ್ಲ. ಡಿಸ್ಟ್‌ನ ಮೂಲ ಫೋಲ್ಡರಿನಲ್ಲಿ ಉಳಿಯುವ ಇಂಡೆಕ್ಸ್ ಪುಟದಂಥವುಗಳಿಗೆ ನೋ-ಕ್ಯಾಶ್. ಈ ಪದವನ್ನು ಕೇಳಿ ಅನೇಕರು ಬ್ರೌಸರ್ ಅದನ್ನು ಇಟ್ಟುಕೊಳ್ಳುವುದೇ ಇಲ್ಲ ಎಂದು ಭಾವಿಸುತ್ತಾರೆ. ಇಟ್ಟುಕೊಳ್ಳುತ್ತದೆ, ಆದರೆ ಬಳಸುವ ಮುನ್ನ ಪ್ರತಿ ಸಲ ಸರ್ವರನ್ನು ಕೇಳುತ್ತದೆ, ಬದಲಾಗಿಲ್ಲದಿದ್ದರೆ 304 ಎಂಬ ಚಿಕ್ಕ ಉತ್ತರದಲ್ಲಿ ಮುಗಿಯುತ್ತದೆ. ಹ್ಯಾಶ್ ಹಾಕಲಾಗದ, ಆದರೆ ಅಪರೂಪಕ್ಕೆ ಬದಲಾಗುವ ಅರ್ಜಿ ನಮೂನೆಗಳ ಪಿಡಿಎಫ್‌ಗಳಿಗೆ ಸ್ಟ್ಯಾಟಿಕ್ ಎಂಬ ಮೂರನೆಯ ಫೋಲ್ಡರ್ ಮಾಡಿ ಒಂದು ದಿನದ ಅವಧಿ ಕೊಟ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಅಸೆಟ್ಸ್ ಫೋಲ್ಡರಿನಲ್ಲಿ ಕಡತ ಸಿಗದಿದ್ದರೆ ಇಂಡೆಕ್ಸ್ ಪುಟ ಕೊಡದೆ ನೇರವಾಗಿ 404 ಹೇಳುವಂತೆ ಎಂಜಿನ್‌ಎಕ್ಸ್ ನಿಯಮ ಬರೆದೆ. ಇಲ್ಲೊಂದು ಮುಳ್ಳು ಚುಚ್ಚಿತು: ಒಂದು ವಿಳಾಸದ ಗುಂಪಿಗೆ ನಿಯಮ ಬರೆಯುವ ಲೊಕೇಶನ್ ಒಳಗೆ ಹೆಡರ್ ಸೇರಿಸಿದರೆ, ಮೇಲಿನ ಸರ್ವರ್ ಮಟ್ಟದಲ್ಲಿ ಅದೇ ರೀತಿ ಸೇರಿಸಿದ್ದ ಹೆಡರ್‌ಗಳು ಅಲ್ಲಿಗೆ ಇಳಿದು ಬರುವುದಿಲ್ಲ. ನಮ್ಮ ಭದ್ರತಾ ಹೆಡರ್‌ಗಳು ಹೀಗೆ ಸದ್ದಿಲ್ಲದೆ ಮಾಯವಾಗಿದ್ದವು, ಪ್ರತಿ ಲೊಕೇಶನ್‌ನಲ್ಲೂ ಮತ್ತೆ ಬರೆಯಬೇಕಾಯಿತು.

ಹಳೆಯ ಚಂಕ್‌ಗಳನ್ನು ಉಳಿಸುವುದು ಎರಡನೆಯ ಕೆಲಸ. ಈಗ ಮೊದಲು ಅಸೆಟ್ಸ್ ಮಾತ್ರ ಏರುತ್ತದೆ, ಏನನ್ನೂ ಅಳಿಸದೆ; ಅದು ಪೂರ್ತಿಯಾದ ಮೇಲೆ ಇಂಡೆಕ್ಸ್ ಪುಟ ಏರುತ್ತದೆ. ಕ್ರಮ ತಿರುಗಿದರೆ ಹೊಸ ಪುಟ ಇನ್ನೂ ಬಂದಿರದ ಕಡತಗಳನ್ನು ಕೇಳುವ ಕೆಲವು ಕ್ಷಣಗಳು ಉಂಟಾಗುತ್ತವೆ. ಹಳೆಯವನ್ನು ಯಾವಾಗ ತೆಗೆಯುವುದು? ಮೂವತ್ತು ದಿನ ಹಳೆಯದಾದ ಕಡತಗಳನ್ನು ಅಳಿಸುವ ಒಂದು ಸಾಲಿನ ಆಜ್ಞೆ ಬರೆದು, ರಾತ್ರಿ ಓಡುವಂತೆ ಇಟ್ಟು, ಅದೃಷ್ಟಕ್ಕೆ ಅದನ್ನು ಪರೀಕ್ಷಾ ಸರ್ವರಿನಲ್ಲಿಯೇ ಮೊದಲು ಬಿಟ್ಟಿದ್ದೆ. ಒಂದು ತಿಂಗಳು ಅಲ್ಲಿ ಬಿಡುಗಡೆಯೇ ಇರಲಿಲ್ಲ. ಬಳಕೆಯಲ್ಲಿದ್ದ ಕಡತಗಳೇ ಮೂವತ್ತು ದಿನ ಹಳೆಯವಾಗಿ ಎಲ್ಲವೂ ಗುಡಿಸಿಹೋಯಿತು. ಈಗ ಪ್ರತಿ ಬಿಲ್ಡ್ ಮುಗಿದೊಡನೆ ಅಸೆಟ್ಸ್ ಒಳಗಿನ ಹೆಸರುಗಳ ಪಟ್ಟಿಯೊಂದನ್ನು ಬರೆದಿಡುತ್ತೇನೆ, ಕೊನೆಯ ಐದು ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲದ ಕಡತವನ್ನು ಮಾತ್ರ ಅಳಿಸುತ್ತೇನೆ. ಇದರ ಮೇಲೂ ಚಂಕ್ ಸಿಗದಿದ್ದರೆ ವೀಟ್ ಪ್ರಿಲೋಡ್ ಎರರ್ ಎಂಬ ಘಟನೆಯನ್ನು ಹೊರಡಿಸುತ್ತದೆ. ಅದನ್ನು ಹಿಡಿದು, ಅರ್ಧ ತುಂಬಿದ ಅರ್ಜಿ ಇಲ್ಲದಿದ್ದರೆ ಪುಟವನ್ನು ಮತ್ತೆ ತೆರೆಯುವಂತೆ ಮಾಡಿದ್ದೇನೆ.

ಪಬ್ಲಿಕ್ ಫೋಲ್ಡರಿನ ಬಗ್ಗೆ ಒಂದು ಮಾತು. ಅದರಲ್ಲಿ ಇಟ್ಟದ್ದನ್ನು ವೀಟ್ ಹ್ಯಾಶ್ ಹಾಕದೆ ಇದ್ದ ಹೆಸರಿನಲ್ಲೇ ಡಿಸ್ಟ್‌ಗೆ ನಕಲು ಮಾಡುತ್ತದೆ. ಕೋಡಿನಲ್ಲಿ ಇಂಪೋರ್ಟ್ ಮಾಡಿದ ಚಿತ್ರ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಓಡುವಾಗ ಜೋಡಿಸಿಕೊಂಡ ವಿಳಾಸದಿಂದ ಕರೆಯುವ ಪಬ್ಲಿಕ್ ಚಿತ್ರ ಇಲ್ಲದಿದ್ದರೆ ಬಿಲ್ಡ್ ತುಟಿಪಿಟಿಕ್ ಎನ್ನುವುದಿಲ್ಲ. ಶಾಖೆಗಳ ಚಿತ್ರಗಳನ್ನು ನಾವು ಅಲ್ಲಿ ಕನ್ನಡದ ಹೆಸರಿನಲ್ಲೇ ಇಟ್ಟಿದ್ದೆವು. ಕೆಲವು ಚಿತ್ರಗಳು, ಅವುಗಳಲ್ಲಿ ಕೊಳ್ಳೇಗಾಲದ್ದೂ ಒಂದು, ಸರ್ವರಿನಲ್ಲಿ ಕಾಣಲಿಲ್ಲ. ಫೋಲ್ಡರಿನಲ್ಲಿ ಹೆಸರು ಕಣ್ಣಿಗೆ ಸರಿಯಾಗಿಯೇ ಇತ್ತು. ಕಾರಣ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ: ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆಯ ಪಕ್ಕದಲ್ಲಿ ಊಕಾರದ ಚಿಹ್ನೆ ಇಟ್ಟು ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಳ್ಳೇ’ಯ ದೀರ್ಘಕ್ಕೂ ಇದೇ ಕಥೆ. ಚಿತ್ರಗಳನ್ನು ಕಳಿಸಿದವರ ಹಳೆಯ ಮ್ಯಾಕ್ ಹೆಸರುಗಳನ್ನು ಒಡೆದು ಇಟ್ಟಿತ್ತು, ನಮ್ಮ ಡೇಟಾಬೇಸಿನಲ್ಲಿ ಕೂಡಿದ ರೂಪವಿತ್ತು, ಲಿನಕ್ಸ್ ಸರ್ವರಿಗೆ ಇವೆರಡೂ ಬೇರೆ ಬೇರೆ ಕಡತಗಳು. ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸ್ಕ್ರಿಪ್ಟ್ ಬರೆಯಬಹುದಿತ್ತು. ನಾನು ಶಾಖೆಯ ಸಂಖ್ಯೆಯನ್ನೇ ಕಡತದ ಹೆಸರಾಗಿ ಮಾಡಿ ಮುಗಿಸಿದೆ.

ಕನ್ನಡ ಫಾಂಟ್ ಕೂಡ ಒಮ್ಮೆ ಎರಡೆರಡು ಸಲ ಇಳಿಯುತ್ತಿತ್ತು. ಬೇಗ ಬರಲೆಂದು ಇಂಡೆಕ್ಸ್ ಪುಟದಲ್ಲಿ ಪಬ್ಲಿಕ್ ಫೋಲ್ಡರಿನ ಪ್ರತಿಯನ್ನು ಪ್ರಿಲೋಡ್ ಮಾಡಿದ್ದೆ, ಸಿಎಸ್ಎಸ್ ಮಾತ್ರ ಹ್ಯಾಶ್ ಇರುವ ಪ್ರತಿಯನ್ನು ಕೇಳುತ್ತಿತ್ತು. ಪುಟದಲ್ಲಿಯೂ ಸೋರ್ಸ್ ಫೋಲ್ಡರಿನ ವಿಳಾಸವನ್ನೇ ಕೊಟ್ಟರೆ ವೀಟ್ ಎರಡೂ ಕಡೆ ಒಂದೇ ಹೆಸರು ಹಾಕುತ್ತದೆ. ಜೊತೆಗೆ ಪ್ರಿಲೋಡ್ ಸಾಲಿನಲ್ಲಿ ಕ್ರಾಸ್‌ಒರಿಜಿನ್ ಗುಣವನ್ನು ಬರೆಯದಿದ್ದರೆ ಫಾಂಟ್ ಆಗಲೂ ಎರಡು ಸಲ ಇಳಿಯುತ್ತದೆ. ಕೆಲವು ಐಕಾನ್‌ಗಳು ಅಸೆಟ್ಸ್‌ನಲ್ಲಿ ಕಾಣದೆ ಅರ್ಧ ದಿನ ಹುಡುಕಿದ್ದೂ ಉಂಟು. 4096 ಬೈಟ್‌ಗಿಂತ ಚಿಕ್ಕವನ್ನು ವೀಟ್ ಕೋಡಿನ ಒಳಗೇ ಹುದುಗಿಸಿಬಿಡುತ್ತದೆ. ಬಿಲ್ಡ್ ಆದ ಕೋಡನ್ನು ಬರೆದ ಕೋಡಿಗೆ ಹೊಂದಿಸಿ ತೋರಿಸುವ ಸೋರ್ಸ್‌ಮ್ಯಾಪ್‌ಗಳನ್ನು ಹಿಡನ್ ಎಂಬ ಆಯ್ಕೆಯಲ್ಲಿ ಮಾಡಿಸಿ, ಏರಿಸುವ ಮುನ್ನ ಬೇರೆಡೆಗೆ ಸರಿಸುತ್ತೇನೆ.

ಇಷ್ಟಾದರೂ ಒಂದು ವಿಷಯ ಕಾಡುತ್ತಿತ್ತು. ಎರಡು ಬಿಡುಗಡೆಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ, ಒಂದು ಪರದೆ ಮಾತ್ರ ತಿದ್ದಿದ್ದರೂ ಹೆಚ್ಚುಕಡಿಮೆ ಎಲ್ಲ ಹೆಸರುಗಳೂ ಬದಲಾಗಿರುತ್ತಿದ್ದವು. ಕಂಟೆಂಟ್‌ಹ್ಯಾಶ್ ಇಲ್ಲದ ಕಾಲದ ಅದೇ ರೋಗ. ಎಂಟ್ರಿ ಕಡತದ ಒಳಗೆ ಪ್ರತಿ ಚಂಕ್‌ನ ಹ್ಯಾಶ್ ಸಹಿತ ಹೆಸರು ಇರುತ್ತದೆ, ಆದ್ದರಿಂದ ಒಂದು ಚಂಕ್ ಬದಲಾದರೆ ಎಂಟ್ರಿಯ ಹೆಸರೂ ಬದಲಾಗುವುದು ಸಹಜ. ಆದರೆ ದಿನಾಂಕ, ಮೊತ್ತ ಬರೆಯುವಂಥ ಸಾಮಾನ್ಯ ಸಹಾಯಕ ಮಾಡ್ಯೂಲ್‌ಗಳನ್ನು ರೋಲಪ್ ಎಂಟ್ರಿಯ ಒಳಗೇ ಇಟ್ಟಿತ್ತು. ಹಾಗಾಗಿ ಉಳಿದ ಚಂಕ್‌ಗಳೆಲ್ಲ ಎಂಟ್ರಿಯನ್ನು ಹೆಸರು ಹಿಡಿದು ಇಂಪೋರ್ಟ್ ಮಾಡುತ್ತಿದ್ದವು, ಅದರ ಹೆಸರು ಬದಲಾದಾಗ ಅವೂ ಬದಲಾಗುತ್ತಿದ್ದವು. ಮ್ಯಾನ್ಯುಯಲ್ ಚಂಕ್ಸ್ ಆಯ್ಕೆಯಲ್ಲಿ ಈ ಸಹಾಯಕಗಳನ್ನು ಒಂದು ಚಂಕ್ ಆಗಿಯೂ, ನೋಡ್ ಮಾಡ್ಯೂಲ್ಸ್ ಫೋಲ್ಡರಿನಿಂದ ಬರುವ ಮುಖ್ಯ ಲೈಬ್ರರಿಗಳನ್ನು ಇನ್ನೊಂದಾಗಿಯೂ ಬೇರ್ಪಡಿಸಿದೆ. ವರದಿಯ ಪರದೆಗಳು ಮುದ್ರಣದ ಲೈಬ್ರರಿಯನ್ನು ತಾವೇ ತಡವಾಗಿ ಕರೆಯುವುದರಿಂದ, ವೀಟ್ ತಾನಾಗಿ ಸೇರಿಸುವ ಪ್ರಿಲೋಡ್ ಸಹಾಯಕವನ್ನೂ ಎಂಟ್ರಿಯಿಂದ ಹೊರಗೆ ಎಳೆಯಬೇಕಾಯಿತು.

ಆಮೇಲೂ ಎಲ್ಲ ಹೆಸರುಗಳು ಬದಲಾದವು. ಒಂದು ಸಂಜೆ ಎರಡು ಬಿಲ್ಡ್‌ಗಳ ಸಹಾಯಕ ಚಂಕನ್ನು ಹೋಲಿಸಿದಾಗ ವ್ಯತ್ಯಾಸ ಸಿಕ್ಕಿತು: ಪರದೆಯ ಅಡಿಯಲ್ಲಿ ತೋರಿಸಲೆಂದು ಬಿಲ್ಡ್ ಆದ ದಿನಾಂಕ ಮತ್ತು ವೇಳೆಯನ್ನು ನಾನೇ ಒಂದು ಸ್ಥಿರಾಂಕವಾಗಿ ಅದರೊಳಗೆ ಹಾಕಿದ್ದೆ. ಅದನ್ನು ತೆಗೆದು ಮೂಲ ಫೋಲ್ಡರಿನ ವರ್ಶನ್ ಎಂಬ ಪುಟ್ಟ ಜೇಸನ್ ಕಡತಕ್ಕೆ ಬರೆದೆ. ಅದು ನೋ-ಕ್ಯಾಶ್ ಗುಂಪಿನಲ್ಲಿ ಇರುವುದರಿಂದ, ತೆರೆದ ಟ್ಯಾಬು ಅದನ್ನು ಆಗಾಗ ಓದಿ ‘ಹೊಸ ಆವೃತ್ತಿ ಬಂದಿದೆ, ಈ ಕೆಲಸ ಮುಗಿದ ಮೇಲೆ ಪುಟವನ್ನು ಮತ್ತೆ ತೆರೆಯಿರಿ’ ಎಂದು ಗುಮಾಸ್ತರಿಗೆ ತಿಳಿಸುತ್ತದೆ.

ಬಿಡುಗಡೆಗೆ ಮುನ್ನ ಈಗ ಒಂದು ಪರೀಕ್ಷೆ ಮಾಡುತ್ತೇನೆ: ಒಮ್ಮೆ ಬಿಲ್ಡ್ ಮಾಡಿ ಪಟ್ಟಿ ತೆಗೆಯುವುದು, ಯಾವುದೋ ಒಂದು ವರದಿಯ ಪರದೆಯಲ್ಲಿ ಒಂದು ಅಕ್ಷರ ಬದಲಿಸಿ ಮತ್ತೆ ಬಿಲ್ಡ್ ಮಾಡುವುದು, ಎರಡೂ ಪಟ್ಟಿಗಳನ್ನು ಹೋಲಿಸುವುದು. ಮೊನ್ನೆಯ ಹೋಲಿಕೆಯಲ್ಲಿ ಬದಲಾಗಿದ್ದವು ಎರಡೇ ಹೆಸರುಗಳು: ಆ ಪರದೆಯ ಚಂಕ್ ಮತ್ತು ಎಂಟ್ರಿ.