ದೊಡ್ಡ ಜೆಟ್ ಮಾಡೆಲ್ ತೂಗುವುದು, ಕಾಫಿ ಕಣದಲ್ಲಿ

ಕೊಡಗಿನ ಮಳೆಗಾಲದಲ್ಲಿ ರಿಮೋಟ್‌ನಿಂದ ಹಾರಿಸುವ ಮಾಡೆಲ್ ವಿಮಾನದ ರೆಕ್ಕೆ ಅಂಟಿಸಲು ಹೋಗಬೇಡಿ. ತೇವಕ್ಕೆ ಬಾಲ್ಸಾ ಎಂಬ ಹಗುರ ಮರ ಉಬ್ಬುತ್ತದೆ, ನನ್ನದೊಂದು ರೆಕ್ಕೆ ಹಾಗೇ ತಿರುಚಿಕೊಂಡಿತು.

ವಿಮಾನದ ತೂಕ ಬ್ಯಾಲೆನ್ಸ್ ಮಾಡಲು ಕಾಫಿ ಹರಡುವ ಮುಂಚಿನ ಖಾಲಿ ಕಣ ಸಾಕು. ಆದರೆ ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಇರುತ್ತದಲ್ವಾ, ಹಾಗಾಗಿ ಹಲಗೆ ತುಂಡು ಕೊಟ್ಟು, ರಸಮಟ್ಟ ಇಟ್ಟು ವಿಮಾನವನ್ನು ಸಮ ಮಾಡಿಕೊಳ್ಳಿ.

16 ಕೆಜಿ ಜೆಟ್ಟನ್ನು ಸಣ್ಣ ಮಾಡೆಲ್‌ನಂತೆ ಬೆರಳ ಮೇಲೆ ಎತ್ತಿ ಬ್ಯಾಲೆನ್ಸ್ ನೋಡಲು ಆಗಲ್ಲ. ಮೂರು ಚಕ್ರಕ್ಕೂ ಒಂದೊಂದು ತಕ್ಕಡಿ ಇಡಿ. ಮುಖ್ಯ ಟ್ಯಾಂಕ್ ಖಾಲಿ, ಎಂಜಿನ್ ಪಕ್ಕದ ಪುಟ್ಟ ಟ್ಯಾಂಕ್ ತುಂಬಿರಲಿ. ಮೂತಿ ಚಕ್ರದ ತೂಕವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ಮೂತಿಯಲ್ಲಿ 2 ಕೆಜಿ, ದೂರ 96 ಸೆಂ.ಮೀ. ಇದ್ದರೆ ಗುರುತ್ವ ಕೇಂದ್ರ ಹಿಂದಿನ ಚಕ್ರಗಳಿಂದ 12 ಸೆಂ.ಮೀ. ಮುಂದೆ ಇದೆ ಎಂದರ್ಥ. ಅದು ಕೈಪಿಡಿ ಹೇಳಿದ ಜಾಗಕ್ಕೆ ಬರಬೇಕು. ಬಾಲ ಭಾರವಾದರೆ ಮೊದಲು ಬ್ಯಾಟರಿಯನ್ನು ಮುಂದೆ ಸರಿಸಿ, ಸುಮ್ನೆ ಸೀಸ ತುಂಬಬೇಡಿ. ಮೂತಿ ಚೂರು ಭಾರವಿದ್ದರೆ ಪರವಾಗಿಲ್ಲ, ಬಾಲ ಭಾರವಾದ ಜೆಟ್ ಕೈಗೆ ಸಿಗಲ್ಲ.

ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು. ಓಡುದಾರಿ ಜಾಸ್ತಿ ಉದ್ದ ಇಟ್ಟುಕೊಳ್ಳಿ.